ಬಸದಿಯ ಆಸ್ತಿಗೆ ಒಡೆಯರು ಯಾರು?

ಈ ಪ್ರತಿಷ್ಠಾ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ ನಾನು ಮೊದಲು ಹಿಂಜರಿದೆನು. ನಾನು ಪಂಡಿತನಲ್ಲ. ಸಿದ್ಧಾಂತ ಗ್ರಂಥಗಳನ್ನು ಗುರುಮುಖೇನ ಓದಿದವನೂ ಅಲ್ಲ. ಮೆಟ್ರಿಕ್ ಪರೀಕ್ಷೆಯನ್ನು ಮುಗಿಸಿ ತಂದೆಯವರ ಅಂಗಡಿಯಲ್ಲಿ ಕುಳಿತವನು. ಆದರೆ ಬಸದಿಯ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಕೆಲಸವು ನಮ್ಮ ಮನೆಗೆ ತಂದೆಯವರ ಕಾಲದಿಂದಲೂ ಬಂದಿರುವುದರಿಂದ, ಹಳೆಯ ಕಾಗದಗಳನ್ನು ಬಿಡಿಸಿ ನೋಡುವ ಅಭ್ಯಾಸವೊಂದು ನನಗೆ ಅಂಟಿಕೊಂಡಿದೆ. ಆ ಕಾಗದಗಳು ನನ್ನೆದುರು ಇಟ್ಟ ಪ್ರಶ್ನೆಯನ್ನೇ ಈ ಲೇಖನದ ತಲೆಬರಹವನ್ನಾಗಿ ಮಾಡಿಕೊಂಡಿದ್ದೇನೆ.

ಪ್ರಶ್ನೆಯು ಮೇಲ್ನೋಟಕ್ಕೆ ಸರಳವಾಗಿ ಕಾಣುತ್ತದೆ. ಬಸದಿಯ ಗದ್ದೆ ಬಸದಿಯದು, ದೇವರ ಆಭರಣ ದೇವರದು ಎಂದು ಯಾರಾದರೂ ಹೇಳಬಹುದು. ಆದರೆ ನಮ್ಮ ದೇವರು ಎಂಥವರು? ಪಂಚಕಲ್ಯಾಣದ ದೀಕ್ಷಾಕಲ್ಯಾಣದ ದಿನ ನಾವೆಲ್ಲರೂ ಕಣ್ಣಾರೆ ಕಾಣುವಂತೆ, ಸ್ವಾಮಿಯು ಸಿಂಹಾಸನವನ್ನೂ ರಾಜ್ಯಕೋಶವನ್ನೂ ಮೈಮೇಲಿನ ವಸ್ತ್ರವನ್ನೂ ತ್ಯಜಿಸಿ ಕೇಶಲೋಚ ಮಾಡಿಕೊಳ್ಳುತ್ತಾನೆ. ಅದೇ ಚಪ್ಪರದಲ್ಲಿ, ಅದೇ ದಿನ, ದಾನಿಗಳ ಹೆಸರನ್ನೂ ಅವರು ಕೊಟ್ಟ ಭೂಮಿ, ಹಣ, ಬೆಳ್ಳಿಗಳ ವಿವರವನ್ನೂ ನಾವು ಗಟ್ಟಿಯಾಗಿ ಓದುತ್ತೇವೆ. ಎಲ್ಲವನ್ನೂ ಬಿಟ್ಟುಹೋದ ವೀತರಾಗನು ಎರಡು ಎಕರೆ ತೋಟದ ಒಡೆಯನಾಗುವುದು ಹೇಗೆ? ಮುನಿಗಳನ್ನು ಒಡೆಯರೆನ್ನೋಣವೆಂದರೆ ಅವರು ನಿರ್ಗ್ರಂಥರು. ಪಿಂಛ ಕಮಂಡಲುಗಳ ಹೊರತಾಗಿ ಅವರಿಗೆ ಪರಿಗ್ರಹವಿಲ್ಲ.

ನಮ್ಮ ಪೂರ್ವಜರಿಗೆ ಈ ತೊಡಕು ತಿಳಿಯದೆ ಇರಲಿಲ್ಲ. ಕರ್ನಾಟಕದ ಬಸದಿಗಳ ದಾನಶಾಸನಗಳನ್ನು ನೋಡಿದರೆ, ಅರಸನೋ ದಂಡನಾಯಕನೋ ಶೆಟ್ಟಿಯೋ ಆಚಾರ್ಯರ ಪಾದಗಳನ್ನು ತೊಳೆದು ಧಾರಾಪೂರ್ವಕವಾಗಿ ದತ್ತಿಯನ್ನು ಕೊಟ್ಟನೆಂಬ ಒಕ್ಕಣೆಯು ಪದೇ ಪದೇ ಬರುತ್ತದೆ. ನೀರು ಬಿದ್ದದ್ದು ಆಚಾರ್ಯರ ಕೈಮೇಲೆ. ಆದರೆ ದತ್ತಿಯು ಯಾತಕ್ಕಾಗಿ ಎಂಬುದನ್ನು ಶಾಸನವು ಅಲ್ಲಿಯೇ ಬಿಡಿಸಿ ಹೇಳುತ್ತದೆ: ದೇವರ ಅಷ್ಟವಿಧಾರ್ಚನೆಗೆ, ಬಸದಿಯ ಜೀರ್ಣೋದ್ಧಾರಕ್ಕೆ, ಋಷಿಸಮುದಾಯದ ಆಹಾರದಾನಕ್ಕೆ. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು ಶ್ರವಣಬೆಳಗೊಳದಲ್ಲಿ ಚತುರ್ವಿಂಶತಿ ತೀರ್ಥಂಕರರ ಬಸದಿಯನ್ನು ಕಟ್ಟಿಸಿದಾಗ, 1159ರಲ್ಲಿ ಆ ಅರಸನು ಸವಣೇರು ಗ್ರಾಮವನ್ನು ದತ್ತಿ ಬಿಟ್ಟನು. ಇಂದು ನಾವು ಭಂಡಾರಿ ಬಸದಿ ಎಂದು ಕರೆಯುವುದು ಅದನ್ನೇ. ಅಂಥ ದತ್ತಿಯಲ್ಲಿ ಸ್ವೀಕರಿಸಿದ ಕೈಗೆ ಸ್ವಾಮ್ಯವಿಲ್ಲ, ಕೇವಲ ಹೊಣೆಯಿದೆ. ಇಂಗ್ಲಿಷಿನವರು ಟ್ರಸ್ಟ್ ಎಂಬ ಮಾತನ್ನು ನಮ್ಮ ನ್ಯಾಯಾಲಯಗಳಿಗೆ ತರುವ ಎಷ್ಟೋ ಶತಮಾನಗಳ ಮುನ್ನ ಅದರ ತಿರುಳು ನಮ್ಮ ಕಲ್ಲುಗಳ ಮೇಲೆ ಇದ್ದಿತು ಎಂದರೆ ಅತಿಶಯೋಕ್ತಿಯಾಗಲಾರದು.

ಅದೇ ಭಂಡಾರಿ ಬಸದಿಯ ಆವರಣದಲ್ಲಿರುವ, ಶಕವರ್ಷ 1290ರ, ಎಂದರೆ ಕ್ರಿ.ಶ. 1368ರ ಬುಕ್ಕರಾಯನ ಶಾಸನವನ್ನು ಎಲ್ಲರೂ ಸರ್ವಧರ್ಮ ಸಮನ್ವಯಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮುಂತಾದ ನಾಡುಗಳ ಜೈನರು, ಶ್ರೀವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ವಿಜಯನಗರದ ಅರಸನಿಗೆ ಬಿನ್ನವಿಸಿಕೊಂಡರು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೇ ಮೊದಲಾದವರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಭಾಷಣಗಳಲ್ಲಿ ಕಥೆಯು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಲೆಕ್ಕ ಬರೆಯುವವನಾದ ನನಗೆ ಅದರ ಮುಂದಿನ ಭಾಗವೇ ಹೆಚ್ಚು ರುಚಿಸುತ್ತದೆ.

ರಾಜ್ಯದ ಜೈನರು ಮನೆಗೆ ವರ್ಷಕ್ಕೆ 1 ಹಣದಂತೆ ಕೊಡತಕ್ಕದ್ದು. ಆ ಹಣದಿಂದ ಬೆಳಗೊಳದ ಗೊಮ್ಮಟಸ್ವಾಮಿಗೆ 20 ಮಂದಿ ಕಾವಲಿನವರನ್ನು ನೇಮಿಸತಕ್ಕದ್ದು. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸತಕ್ಕದ್ದು. ಇವೆಲ್ಲವನ್ನೂ ನಡೆಸುವ ಹೊಣೆಯು ತಿರುಮಲೆಯ ತಾತಯ್ಯನದು. ವರಮಾನದ ಮೂಲ, ವೆಚ್ಚದ ಉದ್ದೇಶ, ಮಿಕ್ಕ ಹಣದ ವಿನಿಯೋಗ, ನಡೆಸುವವನ ಹೆಸರು, ಕಟ್ಟಳೆ ಮೀರಿದವರಿಗೆ ಶಿಕ್ಷೆ, ಇಷ್ಟೂ ಒಂದೇ ಕಲ್ಲಿನಲ್ಲಿ ಇವೆ. ಇಂದಿನ ವಕೀಲರು ಬರೆದುಕೊಡುವ ಟ್ರಸ್ಟ್ ಪತ್ರದಲ್ಲಿಯೂ ಇದಕ್ಕಿಂತ ಹೆಚ್ಚಿನದೇನೂ ಇರುವುದಿಲ್ಲ. ಪುಟಗಳು ಮಾತ್ರ ಹೆಚ್ಚಾಗಿರುತ್ತವೆ. ಇನ್ನೂ ಒಂದು ವಿಶೇಷವನ್ನು ಗಮನಿಸಬೇಕು. ಜೈನರ ಹಣಕ್ಕೆ ವಿಶ್ವಸ್ತನಾಗಿ ನಿಂತವನು ವೈಷ್ಣವನು. ಯಾರೊಡನೆ ಜಗಳವಾಗಿತ್ತೋ ಅವರ ಕಡೆಯವನನ್ನೇ ಕಾಯುವ ಹೊಣೆಗೆ ಕಟ್ಟಿಹಾಕಿದ ಜಾಣತನವನ್ನು ಮೆಚ್ಚಲೇಬೇಕು. ಈ ಕಾರ್ಯಕ್ಕೆ ಮುಂದಾಗಿ ಅರಸನಲ್ಲಿ ಬಿನ್ನಹ ಮಾಡಿದ ಕಲ್ಲೇಹದ ಬುಸುವಿ ಶೆಟ್ಟಿಗೆ ಎರಡೂ ಸಮಯದವರು ಕೂಡಿ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು.

ಇಷ್ಟು ಭದ್ರವಾಗಿ ಬರೆದಿಟ್ಟರೂ ಆಸ್ತಿಯು ಕೈತಪ್ಪುವುದುಂಟು. ಅದಕ್ಕೆ ಹೊರಗಿನವರೇ ಕಾರಣರಾಗಬೇಕೆಂದಿಲ್ಲ. ಇದಕ್ಕೆ ಸಾಕ್ಷಿಯೂ ಬೆಳಗೊಳದಲ್ಲಿಯೇ ಇದೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಚನ್ನರಾಯಪಟ್ಟಣದ ಸೀಮೆಯು ಜಗದೇವರಾಯನ ವಶದಲ್ಲಿದ್ದಾಗ, ಆತನ ಉಪದ್ರವವನ್ನು ತಾಳಲಾರದೆ ಚಾರುಕೀರ್ತಿ ಪಂಡಿತಾಚಾರ್ಯರು ಕ್ಷೇತ್ರವನ್ನು ಬಿಟ್ಟು ಭಲ್ಲಾತಕೀಪುರದಲ್ಲಿ, ಎಂದರೆ ಗೇರುಸೊಪ್ಪೆಯಲ್ಲಿ, ನೆಲೆಸಿದ್ದರೆಂದು ಚಿದಾನಂದ ಕವಿಯ ‘ಮುನಿವಂಶಾಭ್ಯುದಯ’ದಿಂದ ತಿಳಿಯುತ್ತದೆ. ಮಠಕ್ಕೆ ಗುರುಗಳಿಲ್ಲ, ಉತ್ಪನ್ನಕ್ಕೆ ದಿಕ್ಕಿಲ್ಲ. ದೇವರ ಪೂಜೆಯನ್ನು ನಡೆಸಬೇಕಾದ ಸ್ಥಾನದವರು ಕಷ್ಟಕ್ಕೆ ಸಿಲುಕಿ, ಗೊಮ್ಮಟನಾಥಸ್ವಾಮಿಯ ಅರ್ಚನಾವೃತ್ತಿಯ ಭೂಮಿಯನ್ನು ವರ್ತಕರಿಗೆ ಭೋಗ್ಯಕ್ಕೆ ಹಾಕಿ ಸಾಲವನ್ನು ತೆಗೆದರು. ವರ್ತಕರು ಬಹುಕಾಲ ಆ ಭೂಮಿಯನ್ನು ಅನುಭವಿಸುತ್ತ ಬಂದರು.

ಇದರಲ್ಲಿ ಕಳ್ಳರು ಯಾರು ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಸ್ಥಾನದವರು ಹೊಟ್ಟೆಪಾಡಿಗೋ ನಿತ್ಯಪೂಜೆಗೋ ಸಾಲವನ್ನು ಮಾಡಿದ್ದಾರು. ವರ್ತಕರು ನಗದನ್ನು ಕೊಟ್ಟು ಒತ್ತೆಯನ್ನು ಇಟ್ಟುಕೊಂಡರು. ವ್ಯಾಪಾರದಲ್ಲಿ ಅದು ತಪ್ಪಲ್ಲ, ನಾನೂ ವ್ಯಾಪಾರಿಯೇ. ಆದರೆ ಒತ್ತೆ ಇಟ್ಟವನಿಗೆ ಆ ವಸ್ತುವಿನ ಮೇಲೆ ಅಧಿಕಾರವಿದೆಯೇ ಎಂದು ವಿಚಾರಿಸುವುದೂ ವ್ಯಾಪಾರಿಯ ಕರ್ತವ್ಯವೇ. ಅಂಗಡಿಯ ಆಳು ಧಣಿಯ ಸರಕನ್ನು ಅಡವಿಟ್ಟರೆ ನಾವು ಸುಮ್ಮನಿರುತ್ತೇವೆಯೆ?

ಮೈಸೂರಿನ ಚಾಮರಾಜ ಒಡೆಯರ ಕಿವಿಗೆ ಈ ಸಂಗತಿ ಬಿದ್ದಿತು. 1634ರ ಶಾಸನವು ಮುಂದಿನದನ್ನು ಹೇಳುತ್ತದೆ. ಅರಸರು ವಿಚಾರಣೆ ಮಾಡಿ ಭೋಗ್ಯ ಹಿಡಿದಿದ್ದ ವರ್ತಕರನ್ನು ಕರೆಸಿ, ಸ್ಥಾನದವರಿಗೆ ನೀವು ಕೊಟ್ಟಿರುವ ಸಾಲವನ್ನು ನಾವೇ ತೀರಿಸುತ್ತೇವೆ, ಭೂಮಿಯನ್ನು ಬಿಟ್ಟುಕೊಡಿ ಎಂದರು. ಅರಸರು ಬಲಾತ್ಕಾರ ಮಾಡಲಿಲ್ಲ, ಸಾಲವು ಸುಳ್ಳೆಂದು ಹೇಳಲಿಲ್ಲ, ಬಡ್ಡಿಯನ್ನು ತಳ್ಳಿಹಾಕಲಿಲ್ಲ ಎಂಬುದನ್ನು ನೋಡಬೇಕು. ಆಗ ಆ ವರ್ತಕರು, ನಮಗೆ ಹಣವು ಬೇಡ, ನಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಈ ಸಾಲವನ್ನು ಧಾರೆಯೆರೆದು ಬಿಟ್ಟುಕೊಡುತ್ತೇವೆ ಎಂದರು. ಗೊಮ್ಮಟಸ್ವಾಮಿಯ ಸನ್ನಿಧಿಯಲ್ಲಿ ಗುರುಗಳ ಸಾಕ್ಷಿಯಾಗಿ ಭೂಮಿಯು ಬಿಡುಗಡೆಯಾಯಿತು. ಇನ್ನು ಮುಂದೆ ಇದನ್ನು ಅಡವು ಹಾಕಿದವರೂ, ಅಡವು ಹಿಡಿದವರೂ ಧರ್ಮಕ್ಕೆ ಹೊರಗು, ಅವರಿಗೆ ಸ್ಥಾನಮಾನ್ಯದ ಹಕ್ಕಿಲ್ಲ ಎಂದು ಕಟ್ಟಳೆ ಮಾಡಲಾಯಿತು. ಗೇರುಸೊಪ್ಪೆಯಿಂದ ಚಾರುಕೀರ್ತಿಗಳನ್ನು ಕರೆಸಿ ಪುನಃ ಬೆಳಗೊಳದ ಪೀಠದಲ್ಲಿ ನೆಲೆಗೊಳಿಸಿದವರೂ ಇದೇ ಅರಸರು.

ಈ ತೀರ್ಪಿನ ಕೊನೆಯ ಮಾತು ಬಹಳ ದೂರದೃಷ್ಟಿಯದು. ಅಡವು ಹಾಕಿದವನಿಗೆ ಮಾತ್ರ ಶಿಕ್ಷೆ ಎಂದಿದ್ದರೆ ಹಿಡಿಯುವವನು ಸದಾ ಸಿಗುತ್ತಿದ್ದನು. ಇಬ್ಬರನ್ನೂ ಬಾಧ್ಯರನ್ನಾಗಿ ಮಾಡಿದ್ದರಿಂದ ಪೇಟೆಯಲ್ಲಿ ಆ ಭೂಮಿಗೆ ಗಿರಾಕಿಯೇ ಇಲ್ಲದಂತಾಯಿತು. ಸಾರ್ವಜನಿಕ ಧರ್ಮಸಂಸ್ಥೆಯ ಸ್ಥಿರಾಸ್ತಿಯನ್ನು ಮೇಲಿನ ಅಧಿಕಾರಿಯ ಅನುಮತಿಯಿಲ್ಲದೆ ಪರಭಾರೆ ಮಾಡತಕ್ಕದ್ದಲ್ಲವೆಂದು ಇಪ್ಪತ್ತನೆಯ ಶತಮಾನದ ದತ್ತಿ ಕಾಯಿದೆಗಳು ವಿಧಿಸಿದುದೂ ಇದೇ ಉದ್ದೇಶದಿಂದಲೇ.

ಇಂಗ್ಲಿಷರ ಆಳ್ವಿಕೆಯಲ್ಲಿ ಅರಸನ ಜಾಗಕ್ಕೆ ಮೊದಲು ಕಚೇರಿಯೂ ಅನಂತರ ಕೋರ್ಟೂ ಬಂದವು. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ 1817ರ ರೆಗ್ಯುಲೇಶನ್ನಿನಂತೆ ಧರ್ಮದತ್ತಿಗಳ ಮೇಲ್ವಿಚಾರಣೆಯು ರೆವಿನ್ಯೂ ಬೋರ್ಡಿಗೆ ಸೇರಿತು. ಅನ್ಯಮತೀಯರ ದೇವಾಲಯಗಳ ಲೆಕ್ಕವನ್ನು ಕ್ರೈಸ್ತ ಸರ್ಕಾರವು ನೋಡಬಾರದೆಂದು ಪಾದ್ರಿಗಳು ಗದ್ದಲವೆಬ್ಬಿಸಿದ ಮೇಲೆ, 1863ರ ಕಾಯಿದೆಯ ಮೂಲಕ ಸರ್ಕಾರವು ಆ ಹೊಣೆಯಿಂದ ಕೈತೊಳೆದುಕೊಂಡು, ಆಡಳಿತವನ್ನು ಸ್ಥಳೀಯ ಟ್ರಸ್ಟಿಗಳಿಗೂ ಸಮಿತಿಗಳಿಗೂ ಬಿಟ್ಟಿತು. ಮೈಸೂರು ಸಂಸ್ಥಾನದಲ್ಲಿ ಮಾತ್ರ ಮುಜರಾಯಿ ಇಲಾಖೆಯು ಗಟ್ಟಿಯಾಗಿ ಉಳಿದು, 1927ರಲ್ಲಿ ಅದಕ್ಕೆಂದೇ ಕಾಯಿದೆಯೂ ಆಯಿತು. ನಮ್ಮ ಕಡೆ ಊರಿನ ಪ್ರತಿಷ್ಠಿತ ಮನೆತನದ ಮೊಕ್ತೇಸರರೇ ಬಸದಿಗೆ ಸರ್ವಸ್ವವಾದರು. ಅವರಲ್ಲಿ ಮಹನೀಯರಾದವರು ಅನೇಕರು. ತಮ್ಮ ಮನೆಯ ಅಕ್ಕಿಯನ್ನು ಅಳೆದು ಬಸದಿಯ ನೈವೇದ್ಯವನ್ನು ನಡೆಸಿದವರನ್ನು ನಾನು ಬಲ್ಲೆ. ಆದರೆ ತಮ್ಮದನ್ನು ಬಸದಿಗೆ ಕೊಟ್ಟವರ ಮನೆಯಲ್ಲಿಯೇ, ಮುಂದಿನ ತಲೆಮಾರಿಗೆ ಬಸದಿಯದು ಯಾವುದು, ಮನೆಯದು ಯಾವುದು ಎಂಬುದು ಮರೆತುಹೋಗುವುದುಂಟು.

ಅಂಥದೊಂದು ಪ್ರಸಂಗದಲ್ಲಿ ನಾನೇ ಸಾಕ್ಷಿಕಟ್ಟೆಯನ್ನು ಹತ್ತಬೇಕಾಯಿತು. ಊರಿನ ಹೆಸರೂ ಮನೆತನದ ಹೆಸರೂ ಇಲ್ಲಿ ಬೇಡ. ಬಸದಿಯ ಹುಂಡಿಯ ಹಣಕ್ಕೆ ಹತ್ತು ಮನೆಯವರ ವಂತಿಗೆಯನ್ನು ಸೇರಿಸಿ ಒಂದು ತೆಂಗಿನ ತೋಟವನ್ನು ಕೊಂಡಿದ್ದರು. ಬಸದಿಗೆ ಆಗ ನೋಂದಾಯಿತ ಸಮಿತಿ ಇರಲಿಲ್ಲ. ದಸ್ತಾವೇಜನ್ನು ಯಾರ ಹೆಸರಿಗೆ ಬರೆಸುವುದೆಂಬ ಮಾತು ಬಂದಾಗ, ಎಲ್ಲರೂ ಒಂದೇ ಬಾಯಿಯಿಂದ ಮೊಕ್ತೇಸರರ ಹೆಸರನ್ನು ಹೇಳಿದರು. ಅವರ ಪ್ರಾಮಾಣಿಕತೆಯ ವಿಷಯದಲ್ಲಿ ಎರಡು ಮಾತಿರಲಿಲ್ಲ. ಕಾಯಿ ಮಾರಿದ ಹಣವನ್ನು ಒಂದು ಕಾಸೂ ತಪ್ಪದಂತೆ ಅವರು ಬಸದಿಗೆ ಕಟ್ಟುತ್ತಿದ್ದರು. ಅವರು ಕಾಲವಾದ ಬಳಿಕ ಮಕ್ಕಳು ಪಾಲಾದರು. ಪಾಲುಪಟ್ಟಿಯನ್ನು ಬರೆದವನು ಪಹಣಿಯನ್ನು ನೋಡಿ ತೋಟವನ್ನೂ ಹಿರಿಯ ಮಗನ ಪಾಲಿಗೆ ಹಾಕಿದನು. ಆ ಮಗನು ದುಷ್ಟನಲ್ಲ. ತಂದೆಯ ಹೆಸರಿನಲ್ಲಿದ್ದುದು ತಂದೆಯದೆಂದೇ ಆತನು ನಂಬಿದ್ದನು. ಆತನ ನಂಬಿಕೆಯೇ ವ್ಯಾಜ್ಯವನ್ನು ಇನ್ನಷ್ಟು ಕಠಿಣ ಮಾಡಿತು.

ವ್ಯಾಜ್ಯವು ಹನ್ನೊಂದು ವರ್ಷ ನಡೆಯಿತು. ಬಸದಿಯ ಕಡೆಗೆ ಇದ್ದ ಆಧಾರವೆಂದರೆ ನಮ್ಮ ತಂದೆಯವರು ಬರೆದ ಕಿರ್ದಿ ಪುಸ್ತಕ ಒಂದೇ. ಅದರಲ್ಲಿ ಕ್ರಯದ ಹಣವು ಹುಂಡಿಯಿಂದ ಎಷ್ಟು, ಯಾರ ಯಾರ ಮನೆಯಿಂದ ಎಷ್ಟು ಎಂಬುದನ್ನು ಬರೆದು, ‘ಬಸದಿ ಬಾಬ್ತು ತೋಟ’ ಎಂದು ಕಾಣಿಸಿದ್ದರು. ಆ ಅಕ್ಷರವು ತಂದೆಯವರದೇ ಎಂದು ನಾನು ಗುರುತಿಸಬೇಕಾಯಿತು. ಪಾಟೀಸವಾಲಿನಲ್ಲಿ ಎದುರು ವಕೀಲರು, ನಿಮ್ಮ ತಂದೆಯು ಆ ಸಾಲನ್ನು ಆಮೇಲೆ ಸೇರಿಸಿರಬಹುದಲ್ಲವೇ ಎಂದು ಕೇಳಿದಾಗ ನನ್ನ ನಾಲಗೆ ಒಣಗಿತು. ತೀರಿಕೊಂಡ ಇಬ್ಬರು ಸಜ್ಜನರು, ಒಬ್ಬರು ಕಳ್ಳ ಲೆಕ್ಕ ಬರೆದವರಾಗಿ, ಇನ್ನೊಬ್ಬರು ದೇವರ ಆಸ್ತಿ ನುಂಗಿದವರಾಗಿ, ಆ ದಿನ ಕೋರ್ಟಿನಲ್ಲಿ ನಿಂತಿದ್ದರು. ಇಬ್ಬರೂ ಅಂಥವರಾಗಿರಲಿಲ್ಲ. ಕೊನೆಗೆ ತೋಟವು ಬಸದಿಗೇ ಬಂದಿತು. ಆದರೆ ಹನ್ನೊಂದು ವರ್ಷಗಳ ಖರ್ಚಿಗಾಗಿ ಮಾಡಿದ ಸಾಲವನ್ನು ಅದರ ಫಸಲಿನಿಂದ ತೀರಿಸುವುದಕ್ಕೆ ಇನ್ನಷ್ಟು ವರ್ಷ ಹಿಡಿಯಿತು. ಆ ಮನೆತನದವರು ಇಂದಿಗೂ ಆ ಬಸದಿಯ ಮೆಟ್ಟಿಲನ್ನು ಹತ್ತುವುದಿಲ್ಲ. ತೋಟ ಸಿಕ್ಕಿದರೂ ನನಗೆ ಇದೇ ದೊಡ್ಡ ನಷ್ಟವೆಂದು ತೋರುತ್ತದೆ.

ಆ ಹನ್ನೊಂದು ವರ್ಷಗಳಲ್ಲಿ ವಕೀಲರ ಜಗಲಿಯ ಮೇಲೆ ಕುಳಿತು ಕೇಳಿ ತಿಳಿದ ಒಂದೆರಡು ಸಂಗತಿಗಳನ್ನು ಹೇಳುತ್ತೇನೆ. ಮನೆತನದ ಬಸದಿ ಯಾವುದು, ಸಾರ್ವಜನಿಕ ಬಸದಿ ಯಾವುದು ಎಂಬ ಚರ್ಚೆಗೆ 1956ರಲ್ಲಿ ದೇವಕಿನಂದನ್ ವಿರುದ್ಧ ಮುರಳೀಧರ್ ಎಂಬ ಉತ್ತರ ಪ್ರದೇಶದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪೇ ಇಂದಿಗೂ ಆಧಾರ. ಕಟ್ಟಿಸಿದವರು ಯಾರೆಂಬುದು ಮುಖ್ಯವಲ್ಲ. ಯಾರ ಪ್ರಯೋಜನಕ್ಕಾಗಿ ಅದು ಇದೆ ಎಂಬುದು ಮುಖ್ಯ. ಗೊತ್ತಾದ ಒಂದು ಕುಟುಂಬದವರಿಗಾಗಿ ಮಾತ್ರವೇ ಇದ್ದರೆ ಅದು ಖಾಸಗಿ. ಸಮಾಜದವರಿಗೋ ಅದರ ಒಂದು ಪಂಗಡದವರಿಗೋ ಹಕ್ಕಿನಿಂದ ಪ್ರವೇಶವಿದ್ದರೆ ಅದು ಸಾರ್ವಜನಿಕ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ದೇವರು ಆಸ್ತಿಯ ಒಡೆಯನೆನ್ನುವುದು ಒಂದು ಭಾವನೆಯ ಅರ್ಥದಲ್ಲಿ ಮಾತ್ರ, ದತ್ತಿಯ ನಿಜವಾದ ಫಲಾನುಭವಿಗಳು ಆರಾಧಕರೇ ಎಂಬುದು ಅದರ ಅಭಿಪ್ರಾಯ. ವಿಚಾರಣೆಗೆ ಬಂದಿದ್ದುದು ರಾಧಾಕೃಷ್ಣರ ಗುಡಿ. ಆದರೂ ವೀತರಾಗನಿಗೆ ಸ್ವಾಮ್ಯವಿಲ್ಲವೆನ್ನುವ ನಮ್ಮ ಸಿದ್ಧಾಂತಕ್ಕೆ ಆ ಮಾತು ಎಷ್ಟು ಹೊಂದಿಕೊಳ್ಳುತ್ತದೆ!

ಸಾರ್ವಜನಿಕ ದತ್ತಿಯಲ್ಲಿ ವಿಶ್ವಾಸದ್ರೋಹವಾದರೆ, ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಜನರು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಪ್ರಕರಣದಂತೆ ದಾವೆ ಹೂಡಬಹುದು. 1976ರ ತಿದ್ದುಪಡಿಯ ನಂತರ ಅದಕ್ಕೆ ನ್ಯಾಯಾಲಯದ ಅನುಮತಿಯೇ ಸಾಕು. ಹಾಗೆಯೇ 1988ರ ಬೇನಾಮಿ ಕಾಯಿದೆಯು ಬಂದಾಗ, ಒಬ್ಬರ ಹೆಸರಿನಲ್ಲಿರುವ ಬಸದಿಯ ಆಸ್ತಿಗಳೆಲ್ಲ ಹೋದವೆಂದು ಅನೇಕರು ಗಾಬರಿಗೊಂಡಿದ್ದರು. ವಿಶ್ವಸ್ತನಾಗಿ ನಿಂತವನ ಹೆಸರಿನಲ್ಲಿರುವುದನ್ನು ಆ ಕಾಯಿದೆಯು ಹೊರತುಪಡಿಸಿದೆ. ಆದರೆ ಆತನು ವಿಶ್ವಸ್ತನಾಗಿಯೇ ನಿಂತಿದ್ದನೆಂದು ರುಜುವಾತುಪಡಿಸುವುದು ಯಾರು, ಯಾವ ಕಾಗದದಿಂದ?

ಇದುವರೆಗೆ ಮನೆಯೊಳಗಿನ ವ್ಯಾಜ್ಯದ ಮಾತಾಯಿತು. ಸರ್ಕಾರವೇ ನಿಮ್ಮ ಆಸ್ತಿಯನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಬಂದರೆ ಏನು ಮಾಡಬೇಕು? ಸ್ವಾತಂತ್ರ್ಯದ ಹೊಸತರಲ್ಲಿಯೇ ಈ ಪ್ರಶ್ನೆಯು ಎದ್ದಿತು. ಅದನ್ನು ಎತ್ತಿದವರಲ್ಲಿ ಜೈನರೊಬ್ಬರು ಇದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಮುಂಬಯಿ ಸರ್ಕಾರವು 1950ರಲ್ಲಿ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯಿದೆಯನ್ನು ಮಾಡಿತು. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡಗಳು ಆಗ ಆ ರಾಜ್ಯದಲ್ಲಿದ್ದುದರಿಂದ ಅಲ್ಲಿಯ ನಮ್ಮ ಬಸದಿಗಳೂ ಅದಕ್ಕೆ ಒಳಪಟ್ಟವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆಯೂ ಆ ಭಾಗದಲ್ಲಿ ಬಹುಕಾಲ ಅದೇ ಕಾಯಿದೆಯು ನಡೆಯಿತು. ಸಂಸ್ಥೆಗಳನ್ನು ನೋಂದಾಯಿಸಬೇಕು, ಲೆಕ್ಕವನ್ನು ತಪಾಸಣೆ ಮಾಡಿಸಬೇಕು ಎಂಬ ನಿಯಮಗಳು ಅದರಲ್ಲಿದ್ದವು. ಅವುಗಳಿಗೆ ಯಾವ ಸಭ್ಯ ವ್ಯಾಪಾರಿಯೂ ಬೇಡವೆನ್ನಲಾರನು. ಆದರೆ ಅದರೊಂದಿಗೆ, ಚಾರಿಟಿ ಕಮಿಷನರನ್ನೇ ಧಾರ್ಮಿಕ ಸಂಸ್ಥೆಯ ಟ್ರಸ್ಟಿಯಾಗಿ ನೇಮಿಸಬಹುದೆಂದೂ, ಒಂದು ಉದ್ದೇಶಕ್ಕೆ ಕೊಟ್ಟ ಹಣವನ್ನು ಉಚಿತವೆಂದು ಕಂಡ ಇನ್ನೊಂದು ಉದ್ದೇಶಕ್ಕೆ ತಿರುಗಿಸಬಹುದೆಂದೂ ಅದರಲ್ಲಿ ಇತ್ತು. ಶ್ವೇತಾಂಬರ ಜೈನ ದೇವಾಲಯವೊಂದರ ವ್ಯವಸ್ಥಾಪಕರಾಗಿದ್ದ ರತಿಲಾಲ್ ಪಾನಾಚಂದ್ ಗಾಂಧಿಯವರು ಇದನ್ನು ಪ್ರಶ್ನಿಸಿದರು. ಪಾರ್ಸಿ ಪಂಚಾಯತಿಯ ಟ್ರಸ್ಟಿಗಳೂ ಬೇರೆಯಾಗಿ ಹೋರಾಡಿದರು. ಮುಂಬಯಿ ಉಚ್ಚ ನ್ಯಾಯಾಲಯವು ಒಪ್ಪಲಿಲ್ಲ. ಎರಡು ಮೇಲ್ಮನವಿಗಳೂ ಸರ್ವೋಚ್ಚ ನ್ಯಾಯಾಲಯದಲ್ಲಿ ಒಟ್ಟಿಗೆ ವಿಚಾರಣೆಗೆ ಬಂದು, 1954ರ ಮಾರ್ಚ್ 18ರಂದು ತೀರ್ಪು ಹೊರಬಿದ್ದಿತು. ಬರೆದವರು ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಪ್ರಸಿದ್ಧ ಮೊಕದ್ದಮೆಯ ತೀರ್ಪನ್ನೂ ಅದೇ ವರ್ಷ ಬರೆದವರು ಅವರೇ.

ತೀರ್ಪಿನ ಸಾರವನ್ನು ನನಗೆ ತಿಳಿದಂತೆ ಹೇಳುತ್ತೇನೆ. ಸಂವಿಧಾನದ 26ನೆಯ ವಿಧಿಯಂತೆ ಪ್ರತಿಯೊಂದು ಧಾರ್ಮಿಕ ಪಂಗಡಕ್ಕೂ ತನ್ನ ಧರ್ಮದ ವಿಷಯಗಳನ್ನು ತಾನೇ ನಡೆಸಿಕೊಳ್ಳುವ ಹಕ್ಕಿದೆ. ಆಸ್ತಿಯ ಆಡಳಿತವನ್ನು ಸರ್ಕಾರವು ಕಾನೂನಿನ ಮೂಲಕ ಕ್ರಮಪಡಿಸಬಹುದು, ಲೆಕ್ಕ ಕೇಳಬಹುದು. ಆದರೆ ಆಡಳಿತದ ಹಕ್ಕನ್ನೇ ಕಿತ್ತು ಬೇರೊಬ್ಬರ ಕೈಗೆ ಕೊಡುವಂತಿಲ್ಲ. ಆದುದರಿಂದ ಕಮಿಷನರನ್ನು ಧಾರ್ಮಿಕ ಸಂಸ್ಥೆಗೆ ಟ್ರಸ್ಟಿಯಾಗಿ ಕೂರಿಸುವ ಕಲಮು ಬಿದ್ದುಹೋಯಿತು. ದಾನಿಯು ಹೇಳಿದ ಉದ್ದೇಶವನ್ನು ಇನ್ನೂ ನಡೆಸಲು ಸಾಧ್ಯವಿರುವಾಗ ಹಣವನ್ನು ಬೇರೆಡೆಗೆ ತಿರುಗಿಸುವುದು ಧರ್ಮಸ್ವಾತಂತ್ರ್ಯದ ಮೇಲಿನ ಅತಿಕ್ರಮಣವೆಂದು ಆ ಕಲಮುಗಳೂ ಬಿದ್ದವು. ಆದರೆ ಮೇಲ್ವಿಚಾರಣೆಯ ವೆಚ್ಚಕ್ಕಾಗಿ ಸಂಸ್ಥೆಗಳಿಂದ ಪಡೆಯುವ ವಂತಿಗೆಯು ತೆರಿಗೆಯಲ್ಲ, ಶುಲ್ಕವೆಂದು ಉಳಿಯಿತು. ಮದರಾಸಿನ ಕಾಯಿದೆಯಲ್ಲಿದ್ದ ಅಂಥದೇ ವಂತಿಗೆಯು ಶಿರೂರು ಮಠದ ತೀರ್ಪಿನಲ್ಲಿ ತೆರಿಗೆಯೆಂದು ರದ್ದಾಗಿತ್ತು.

ದೇವದ್ರವ್ಯವನ್ನು ಅನ್ಯಕಾರ್ಯಕ್ಕೆ ಬಳಸುವುದು ದೋಷವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹುಂಡಿಯ ಚಿಲ್ಲರೆಯಿಂದ ಅಂಗಡಿಗೆ 5 ರೂಪಾಯಿಯ ಚಿಲ್ಲರೆ ಪಡೆಯಲೂ ನಮ್ಮ ತಂದೆಯವರು ಒಪ್ಪುತ್ತಿರಲಿಲ್ಲ. ಆ ಆಚಾರಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯದ ಬೆಂಬಲ ದೊರೆತಂತಾಯಿತು. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ಹೇಳಬೇಕು. ಜೈನರು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು 2014ರ ಜನವರಿಯಲ್ಲಿ ಅಧಿಸೂಚನೆಯಾದ ಮೇಲೆ ಈ ಹಕ್ಕು ನಮಗೆ ಬಂದಿತೆಂದು ಕೆಲವರು ವೇದಿಕೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಹಾಗಲ್ಲ. ಆ ಅಧಿಸೂಚನೆಯಿಂದ ಆದ ಪ್ರಯೋಜನಗಳು ಬೇರೆ. ಬಸದಿಯನ್ನು ನಡೆಸುವ ಹಕ್ಕು 1950ರಿಂದಲೇ ಸಂವಿಧಾನದಲ್ಲಿದೆ.

ಆದರೆ ಹೊರಗಿನವರನ್ನು ತಡೆಯುವ ಕಾನೂನು ನಮ್ಮೊಳಗಿನ ಒಡಕನ್ನು ಕೂಡಿಸಲಾರದು. ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಶಿರಪುರದಲ್ಲಿರುವ ಅಂತರಿಕ್ಷ ಪಾರ್ಶ್ವನಾಥ ಕ್ಷೇತ್ರದ ಕಥೆಯನ್ನು ಬರೆಯಲು ಮನಸ್ಸಿಗೆ ನೋವಾಗುತ್ತದೆ. ದಿಗಂಬರರೂ ಶ್ವೇತಾಂಬರರೂ ಸರದಿಯಂತೆ ಪೂಜೆ ಮಾಡುವುದೆಂದು 1905ರಲ್ಲಿ ವೇಳಾಪಟ್ಟಿಯಾಯಿತು. ಬಿಂಬದ ಲೇಪದ ಮೇಲೆ ಕಟಿಸೂತ್ರದ ಗುರುತು ಇರಬೇಕೇ ಬೇಡವೇ ಎಂಬುದರ ಮೇಲೆ ಜಗಳವು ಬೆಳೆದು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಆಡಳಿತವು ಶ್ವೇತಾಂಬರರಿಗೆ, ಪೂಜೆಯು ವೇಳಾಪಟ್ಟಿಯಂತೆ ಇಬ್ಬರಿಗೂ ಎಂದು 1929ರಲ್ಲಿ ತೀರ್ಪಾಯಿತು. ಜಗಳ ಅಲ್ಲಿಗೂ ನಿಲ್ಲಲಿಲ್ಲ. ಮಂದಿರಕ್ಕೆ ಬೀಗ ಬಿದ್ದು, ಸುಮಾರು ನಾಲ್ಕು ದಶಕಗಳ ಕಾಲ ಯಾತ್ರಿಕರು ಕಿಂಡಿಯಿಂದ ದರ್ಶನ ಪಡೆದು ಹಿಂದಿರುಗಿದರು. ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇಲೆ 2023ರಲ್ಲಿ ಬಾಗಿಲು ತೆರೆದಾಗ, ಆ ಬೀಗ ಬಿದ್ದ ಬಳಿಕ ಹುಟ್ಟಿದ ಮಕ್ಕಳಿಗೇ ಮಕ್ಕಳಾಗಿದ್ದರು. ಎರಡೂ ಪಕ್ಷದವರ ಹಕ್ಕುಗಳ ಬಗ್ಗೆ ತೀರ್ಮಾನ ಹೇಳುವ ಯೋಗ್ಯತೆ ನನಗಿಲ್ಲ. ಅಷ್ಟು ವರ್ಷ ಸ್ವಾಮಿಯ ಮುಂದೆ ಅಭಿಷೇಕವಿಲ್ಲದೆ ಹೋದುದು ಮಾತ್ರ ಇಬ್ಬರಿಗೂ ಸೇರಿದ ನಷ್ಟ.

ನಮ್ಮ ಜಿಲ್ಲೆಯ ಬಸದಿಗಳಿಗೆ ಅತಿ ದೊಡ್ಡ ಪೆಟ್ಟು ಬಿದ್ದುದು ವ್ಯಾಜ್ಯದಿಂದಲ್ಲ, ಭೂಸುಧಾರಣೆಯಿಂದ. 1974ರ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲವೂ ಸರ್ಕಾರಕ್ಕೆ ಸೇರಿ, ಉಳುವವರು ಏಳನೆಯ ನಮೂನೆಯ ಅರ್ಜಿ ಕೊಟ್ಟು ಭೂನ್ಯಾಯ ಮಂಡಳಿಯಿಂದ ಹಕ್ಕನ್ನು ಪಡೆದರು. ಮುಡಿಗಟ್ಟಲೆ ಗೇಣಿ ಅಕ್ಕಿ ಬರುತ್ತಿದ್ದ ಬಸದಿಯ ಉಗ್ರಾಣವು ಒಂದೆರಡು ವರ್ಷಗಳಲ್ಲಿ ಬರಿದಾಯಿತೆಂದು ತಂದೆಯವರು ಹೇಳುತ್ತಿದ್ದರು. ತಲೆತಲಾಂತರದಿಂದ ಕೆಸರಿನಲ್ಲಿ ದುಡಿದ ಒಕ್ಕಲಿಗೆ ಭೂಮಿ ದೊರೆತುದು ಅನ್ಯಾಯವೆಂದು ನಾನು ಹೇಳಲಾರೆ. ಆ ಒಕ್ಕಲುಗಳ ಮಕ್ಕಳು ಇಂದು ನನ್ನ ಅಂಗಡಿಯ ಗಿರಾಕಿಗಳು, ಸ್ನೇಹಿತರು. ಆದರೆ ಬಸದಿಗೆ ಬದಲಿಯಾಗಿ ಬಂದುದು ವರ್ಷಕ್ಕೆ ಇಷ್ಟೆಂದು ಗೊತ್ತುಪಡಿಸಿದ ತಸ್ತೀಕಿನ ಹಣ. ಅಕ್ಕಿಗೂ ಹಣಕ್ಕೂ ಇರುವ ಭೇದವನ್ನು ವ್ಯಾಪಾರಿಯು ಮೊದಲು ಅರಿಯುತ್ತಾನೆ. ಒಂದು ಮುಡಿ ಅಕ್ಕಿಯು ಯಾವ ಕಾಲಕ್ಕೂ ಒಂದು ಮುಡಿ ಅಕ್ಕಿಯೇ. ಗೊತ್ತುಪಡಿಸಿದ ರೂಪಾಯಿಯಾದರೋ ವರ್ಷ ವರ್ಷಕ್ಕೂ ಸಣ್ಣದಾಗುತ್ತದೆ. ಕಡತ ಕಾಗದಗಳನ್ನು ಹಿಡಿದು ಸಕಾಲದಲ್ಲಿ ಮಂಡಳಿಯ ಮುಂದೆ ನಿಂತ ಬಸದಿಗಳಿಗೆ ಸ್ವಂತ ಸಾಗುವಳಿಯ ತುಂಡು ಭೂಮಿಯಾದರೂ ಉಳಿಯಿತು. ಯಾವ ಸರ್ವೆ ನಂಬರು ಬಸದಿಯದು ಎಂಬುದೇ ಗೊತ್ತಿಲ್ಲದ ಕಡೆ ಅದೂ ಉಳಿಯಲಿಲ್ಲ.

ನಮ್ಮ ಬಸದಿಯ ಜೀರ್ಣೋದ್ಧಾರದ ಕೆಲಸವು ಆರಂಭವಾದಾಗ ಸಮಿತಿಯವರು ಹಳೆಯ ಪೆಟ್ಟಿಗೆಯನ್ನು ತೆಗೆಸಿ ಇರುವ ಕಾಗದಗಳನ್ನೆಲ್ಲ ಪಟ್ಟಿ ಮಾಡಿಸಿದರು. ಎರಡು ಅಡವುಪತ್ರಗಳನ್ನು ಗೆದ್ದಲು ತಿಂದಿದ್ದಿತು. ಬಸದಿಯ ಹಿಂಭಾಗದ ಹತ್ತು ಸೆಂಟ್ಸ್ ಜಾಗವೂ ಪೇಟೆಯ ಒಂದು ಕೋಣೆಯೂ ಇನ್ನೂ ದಿವಂಗತರಾದ ಹಿರಿಯರೊಬ್ಬರ ಹೆಸರಿನಲ್ಲಿಯೇ ಇವೆಯೆಂದು ಆಗ ಗೊತ್ತಾಯಿತು. ಅವರ ಮನೆಗೆ ಈ ಮಾತನ್ನು ಹಿಡಿದು ಹೋಗುವಾಗ ನನ್ನ ಕಾಲು ಹಿಂದೆ ಸರಿಯುತ್ತಿದ್ದುದು ನಿಜ. ಆ ಹಳೆಯ ಕೋರ್ಟು ಕಣ್ಣೆದುರು ಬಂದಿತ್ತು. ಆ ಮನೆಯ ಅಮ್ಮನವರು ನಮ್ಮನ್ನು ಕೂರಿಸಿ, ಪಾನಕ ಕೊಟ್ಟು, ಪಟ್ಟಿಯನ್ನು ಓದಿಸಿ ಕೇಳಿದರು. ‘ಇವರು ಇರುವಾಗಲೇ ಹೇಳುತ್ತಿದ್ದರು, ಆ ಕೋಣೆಯ ಬಾಡಿಗೆ ನಮ್ಮದಲ್ಲ ಎಂದು. ಕಾಗದ ಯಾವ ದಿನ ಮಾಡಿಸುತ್ತೀರಿ ಹೇಳಿ, ಮಕ್ಕಳನ್ನು ಊರಿಗೆ ಕರೆಸುತ್ತೇನೆ’ ಎಂದರು. ಮಕ್ಕಳಿಬ್ಬರು ಬೆಂಗಳೂರಿನಲ್ಲಿದ್ದಾರೆ, ಒಬ್ಬರು ಹೊರದೇಶದಲ್ಲಿದ್ದಾರೆ. ಪ್ರತಿಷ್ಠೆಗೆ ಮೂವರೂ ಬರುವವರಿದ್ದಾರೆ. ಗರ್ಭಕಲ್ಯಾಣಕ್ಕೆ ಎರಡು ದಿನ ಮೊದಲು ಉಪನೋಂದಣಿ ಕಚೇರಿಯಲ್ಲಿ ದಿನವನ್ನು ಗೊತ್ತುಮಾಡಿದೆ. ಕರಡನ್ನು ವಕೀಲರು ಬರೆದುಕೊಟ್ಟಿದ್ದಾರೆ. ಬಾಡಿಗೆಯು ನಿತ್ಯದ ನಂದಾದೀಪಕ್ಕೂ, ಉಳಿದುದು ಛಾವಣಿಯ ದುರಸ್ತಿಗೂ ಎಂದು ಅದರಲ್ಲಿ ಕಾಣಿಸಿದೆ.